ಫ್ಲೋರೈಡ್ 1.46 ಬಂದದ, ಪಾಸ್ ಬರೀಬೇಕೋ ಬ್ಯಾಡೋ?

ಪ್ರಶ್ನೆ (ಯಾದಗಿರಿ):
ನಮ್ದು ಸಣ್ಣ ನೀರಿನ ಲ್ಯಾಬ್. ಫ್ಲೋರೈಡ್ ಎಲೆಕ್ಟ್ರೋಡ್‌ದಾಗ ಮಾಡ್ತೀವಿ. ಒಂದು ಹಳ್ಳಿ ಬೋರ್ ನೀರು ಲೀಟರಿಗೆ 1.46 ಮಿಲಿಗ್ರಾಂ ಬಂತು. ಮಿತಿ 1.5 ಅಂತ ಪಾಸ್ ಬರೆದೆ. ಆಡಿಟ್‌ಗೆ ಬಂದವ್ರು ‘ಅನ್‌ಸರ್ಟನ್ಟಿ ಎಲ್ಲಿ?’ ಅಂದ್ರು, ಅಂದ್ರ ರಿಸಲ್ಟ್ ಎಷ್ಟು ಅತ್ತಿತ್ತ ಇರಬಹುದು ಅನ್ನೋ ಅಂದಾಜು. ಬ್ಯಾರೆ ಲ್ಯಾಬಿನ ಎಕ್ಸೆಲ್ ಶೀಟ್ ಇಸ್ಕೊಂಡು ತುಂಬಿದ್ರ ±1.2% ಬರ್ಲಿಕತ್ತದ. ನಡೀತದೇನ್ರಿ?

ಕಲಬುರಗಿಯಿಂದ:
1.2%? ನಂಬಂಗಿಲ್ರಿ. ಆ ಶೀಟಿನಾಗ ಪಿಪೆಟ್, ಫ್ಲಾಸ್ಕ್, ತಕ್ಕಡಿ ಎಲ್ಲಾ ಇರ್ತಾವ, ಎಲೆಕ್ಟ್ರೋಡೇ ಇರಂಗಿಲ್ಲ. ಮೀಟರ್ ಮುಂದ ನಿಂತು ನೋಡ್ರಿ, ರೀಡಿಂಗ್ ಒಂದು ಮಿಲಿವೋಲ್ಟ್ ಅತ್ತಿತ್ತ ಆಡ್ತದಲ್ಲ? ಸ್ಲೋಪ್ (ಫ್ಲೋರೈಡ್ ಹತ್ತು ಪಟ್ಟಾದ್ರ ರೀಡಿಂಗ್ ಎಷ್ಟು ಮಿಲಿವೋಲ್ಟ್ ಬದಲಾಗ್ತದ ಅನ್ನೋದು) 59ರ ಹತ್ರ ಇದ್ರ ಅಷ್ಟಕ್ಕೇ 4% ಫರಕ್. 1.46ಕ್ಕ ಅದು 0.06. ಅಲ್ಲಿಗೇ 1.5 ದಾಟ್ತು.

ಮೇ ತಿಂಗಳದಾಗ ನನಗ ಆಗಿದ್ದು ಕೇಳ್ರಿ. ಸ್ಟ್ಯಾಂಡರ್ಡ್ (ಫ್ಲೋರೈಡ್ ಎಷ್ಟದಂತ ಗೊತ್ತಿರೋ ದ್ರಾವಣ) ಫ್ರಿಜ್‌ನಿಂದ ತೆಗೆದು ಹಂಗೇ ಇಟ್ಟಿದ್ದೆ, ಸ್ಯಾಂಪಲ್ ಜೀಪಿನಾಗ ಕುದ್ದು ಬಂದಿತ್ತು. ಅದೇ ಬಾಟಲಿ ನೀರು ಮಧ್ಯಾಹ್ನ ಒಂದು, ಮರುದಿನ ಮುಂಜಾನಿ ಇನ್ನೊಂದು. ಎಲೆಕ್ಟ್ರೋಡ್ ಕೆಟ್ಟದಂತ ಹೊಸಾದಕ್ಕ ಇಂಡೆಂಟೂ ಹಾಕಿಬಿಟ್ಟಿದ್ದೆ! ತಪ್ಪು ಎಲೆಕ್ಟ್ರೋಡ್‌ದಲ್ಲ, ತಂಪು-ಬಿಸಿದು. ಈಗ ಸ್ಟ್ಯಾಂಡರ್ಡ್, ಸ್ಯಾಂಪಲ್, ಟಿಸಾಬ್ (ಎರಡಕ್ಕೂ ಬೆರೆಸೋ ಬಫರ್ ದ್ರಾವಣ) ಮೂರೂ ಒಂದೇ ಟೇಬಲ್ ಮ್ಯಾಲ ತಾಸು ಇಟ್ಟೇ ಅಳೆಯೋದು. ಬೀಕರ್ ಪ್ಲಾಸ್ಟಿಕ್‌ದೇ ಇರ್ಲಿ.

ಬೀದರ್‌ನಿಂದ:
ನಾನು ಔಷಧ ಕಂಪನಿಯೊಂದರ ಕ್ಯೂಸಿಯಲ್ಲಿ (ಗುಣಮಟ್ಟ ಪರೀಕ್ಷೆ) ಇದ್ದವನು. ಒಂದೊಂದೇ ಮೂಲ ಹುಡುಕುವುದಕ್ಕಿಂತ ನಿಮ್ಮ ಚೆಕ್ ಸ್ಟ್ಯಾಂಡರ್ಡ್ (ಬೆಲೆ ಗೊತ್ತಿದ್ದು ತಾಳೆ ನೋಡಲು ಮತ್ತೆ ಮತ್ತೆ ಅಳೆಯುವ ದ್ರಾವಣ) ರಿಜಿಸ್ಟರ್ ತೆಗೀರಿ. ಬೇರೆ ಬೇರೆ ದಿನ, ಬೇರೆ ಬೇರೆ ಕೈ ಮಾಡಿದ ರೀಡಿಂಗ್‌ಗಳ ಏರಿಳಿತ 3% ಅಂತಿಟ್ಟುಕೊಳ್ಳಿ, ಬಯಾಸ್ (ಯಾವಾಗಲೂ ಒಂದೇ ಕಡೆ ವಾಲುವ ತಪ್ಪು) ಕಡೆಯಿಂದ 2%. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 3.6%. ಸುಮಾರು 95% ಭರವಸೆಗೆ ಅದನ್ನು ಇಮ್ಮಡಿ ಮಾಡಿ, 7.2%. ಅಂದರೆ 1.46 ± 0.11. ಪಿಪೆಟ್ಟು, ಎಲೆಕ್ಟ್ರೋಡು, ಸೆಕೆ, ಎಲ್ಲ ಅದರಲ್ಲೇ ಬಂದಿರುತ್ತೆ.

ಸ್ಟ್ಯಾಂಡರ್ಡ್ ವಿಧಾನವನ್ನು ಇದ್ದ ಹಾಗೇ ಮಾಡುತ್ತಿದ್ದರೆ ಪೂರ್ತಿ ವ್ಯಾಲಿಡೇಶನ್ (ವಿಧಾನವೇ ಸರಿಯೆಂದು ಮೊದಲಿಂದ ಸಾಬೀತು ಮಾಡುವುದು) ಬೇಡ, ವೆರಿಫಿಕೇಶನ್ (ನಿಮ್ಮ ಕೈಯಲ್ಲಿ ಅದು ಸರಿ ಬರುತ್ತದೆಂದು ತೋರಿಸುವುದು) ಸಾಕು. ಆದರೆ ರಿಕವರಿಯನ್ನು (ಹಾಕಿದ ಫ್ಲೋರೈಡ್‌ನಲ್ಲಿ ಎಷ್ಟು ಪಾಲು ವಾಪಸ್ ಸಿಗುತ್ತದೆ ಅನ್ನುವುದು) ಡಿಸ್ಟಿಲ್ಡ್ ವಾಟರ್‌ನಲ್ಲಿ ಮಾಡಿ 100% ಅಂತ ಬರೆದು ಖುಷಿಪಡಬೇಡಿ. ನಿಮ್ಮ ಬೋರ್ ನೀರಿಗೇ ಸ್ಪೈಕ್ (ಗೊತ್ತಿರುವಷ್ಟು ಫ್ಲೋರೈಡ್) ಹಾಕಿ ನೋಡಿ.

ಕಲಬುರಗಿಯಿಂದ, ಇನ್ನೊಬ್ಬರು:
ಎಲ್ರೂ 1.5 ಹಿಡಕೊಂಡು ಕುಂತೀರಿ. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಮೊದಲ ಮಿತಿ 1.0. ಬ್ಯಾರೆ ನೀರಿನ ಮೂಲ ಇಲ್ಲದಿದ್ರ ಮಾತ್ರ 1.5ರ ತನಕ. ರಿಪೋರ್ಟಿನಾಗ ಎರಡೂ ಬರೀರಿ, ಪಂಚಾಯಿತಿಯವ್ರಿಗೆ ಬರೇ ‘ಪಾಸ್’ ಅಂತ ಕಾಣ್ಬಾರ್ದು. ಇನ್ನ ಅನ್‌ಸರ್ಟನ್ಟಿ ಕಳದು 1.39ಕ್ಕ ಗೆರಿ ಹಾಕ್ತೀರೋ, ನೇರ 1.5ಕ್ಕೇ ಹಾಕ್ತೀರೋ, ಅದು ಡಿಸಿಷನ್ ರೂಲ್. ಲ್ಯಾಬ್‌ಗಳ ಮಾನಕ ಐಎಸ್‌ಒ 17025ರ 2017ರ ಆವೃತ್ತಿಯಾಗ ಅದನ್ನ ಗಿರಾಕಿ ಜೋಡಿ ಮೊದಲೇ ಮಾತಾಡ್ರಿ ಅಂತ ಅದ. ರಿಸಲ್ಟ್ ನೋಡಿ ಗೆರಿ ಸರಿಸೋದಲ್ಲ.

ಕೇಳಿದವರು:
ರಿಜಿಸ್ಟರ್ ಸಿಕ್ತು ಸರ್. ಏಪ್ರಿಲ್ ತನಕ 0.95, 1.03, 0.98 ಹಿಂಗ ಅದಾವ. ಮೇ ತಿಂಗಳು ಪೂರ್ತಿ ಒಂದೇ ಪೆನ್ನಿನಾಗ 1.00, 1.00, 1.00. ಆ ತಿಂಗಳು ಬಿಟ್ಟು ಲೆಕ್ಕ ಹಾಕ್ತೀನ್ರಿ. ಬರೆದವ್ರು ಯಾರಂತ ಕೇಳಬ್ಯಾಡ್ರಿ.