0.4 ಮಿ.ಮೀ. ಬಿಟ್ ಮುರಿಯುತ್ತಲೇ ಇದೆ: ವೈಡಿಎಂ-4 ಮಾಡೆಲ್‌ನ ಹ್ಯಾಂಡ್‌ರೇಲ್ ತೂತು

ಮೀಟರ್‌ಗೇಜ್ ಪ್ರೇಮಿ:
ನಮಸ್ಕಾರ. ಎಚ್‌ಒ ಸ್ಕೇಲ್‌ನಲ್ಲಿ (1:87) ಮೀಟರ್‌ಗೇಜ್ ರೈಲಿನ ವೈಡಿಎಂ-4 ಡೀಸೆಲ್ ಇಂಜಿನ್ ಮಾಡೆಲ್ ಮಾಡುತ್ತಿದ್ದೇನೆ, 12 ಮಿ.ಮೀ. ಹಳಿಗೆ. ಬಾಡಿ ತ್ರೀಡಿ ಪ್ರಿಂಟ್ ಮಾಡಿಸಿದ ರೆಸಿನ್. ಹ್ಯಾಂಡ್‌ರೇಲ್‌ಗೆ 0.4 ಮಿ.ಮೀ. ಹಿತ್ತಾಳೆ ತಂತಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ತಂದ 0.4 ಡ್ರಿಲ್ ಬಿಟ್‌ಗಳನ್ನು ಪಿನ್ ವೈಸ್‌ಗೆ (ಸಣ್ಣ ಬಿಟ್ ಹಿಡಿಯುವ ಕೈ ಹಿಡಿಕೆ) ಹಾಕಿ ಕೈಯಲ್ಲೇ ತಿರುಗಿಸುತ್ತಿದ್ದೇನೆ. ಬಿಟ್‌ನ ಹಿಂಬದಿ ದಪ್ಪ, ಅದರ ಮೇಲೊಂದು ಬಣ್ಣದ ರಿಂಗ್ ಇದೆ. ಇನ್ನೇನು ತೂತು ಆಚೆ ಬಂತು ಅನ್ನುವಾಗ ಟಿಕ್ ಅಂತ ಮುರಿಯುತ್ತದೆ. ಸರಿಯಾಗಿ ಬಿದ್ದ ತೂತಿಗೂ ತಂತಿ ಹೋಗುತ್ತಿಲ್ಲ. ಸುತ್ತ ಚಕ್ಕೆ ಬೇರೆ ಏಳುತ್ತದೆ. 61ರಿಂದ 80ರವರೆಗಿನ ನಂಬರ್ ಬಿಟ್‌ಗಳ ಸೆಟ್ (ನಂಬರ್ ಹೆಚ್ಚಿದಷ್ಟೂ ಬಿಟ್ ಸಣ್ಣ) ತಗೊಳ್ಳಲಾ? ಇಲ್ಲ ಮೋಟಾರ್ ಇರುವ ರೋಟರಿ ಟೂಲ್ ಬಳಸಲಾ?

ಹಳೇ ಫಿಟ್ಟರ್:
ರಿಂಗ್ ಇರುವುದು ಪಿಸಿಬಿ (ಎಲೆಕ್ಟ್ರಾನಿಕ್ಸ್ ಸರ್ಕ್ಯೂಟ್ ಬೋರ್ಡ್) ಕೊರೆಯುವ ಕಾರ್ಬೈಡ್ ಬಿಟ್. ಹಿಂಬದಿ 3.175 ಮಿ.ಮೀ., ಅಂದರೆ ಇಂಚಿನ ಎಂಟನೇ ಒಂದು ಭಾಗ ಇರುತ್ತದೆ, ಅಳೆದು ನೋಡಿ. ಚೂಪು ಅಂದರೆ ಚೂಪು, ಆದರೆ ಒಂಚೂರೂ ಬಾಗುವುದಿಲ್ಲ. ಯಂತ್ರ ನೆಟ್ಟಗೆ ಹಿಡಿದು ಜೋರಾಗಿ ತಿರುಗಿಸಲಿ ಅಂತ ಮಾಡಿದ್ದು ಅದು. ಮನುಷ್ಯನ ಕೈ ಅಷ್ಟು ನೆಟ್ಟಗೆ ನಿಲ್ಲುವುದಿಲ್ಲ. ಬಿಟ್ ಆಚೆ ತಲುಪುವ ಹೊತ್ತಿಗೆ ತಡೆ ತಟ್ಟನೆ ಕಮ್ಮಿಯಾಗುತ್ತದೆ, ಕೈ ವಾಲುತ್ತದೆ, ಅಲ್ಲೇ ಟಿಕ್.

ಕೈ ಕೆಲಸಕ್ಕೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಉಕ್ಕು) ಬಿಟ್ ತಗೊಳ್ಳಿ. ಅದು ತುಸು ಬಾಗಿ ಕ್ಷಮಿಸುತ್ತದೆ. ಪಿನ್ ವೈಸ್‌ನಿಂದ 5–6 ಮಿ.ಮೀ. ಮಾತ್ರ ಆಚೆ ಬಿಡಿ. ಉದ್ದ ಬಿಟ್ಟಷ್ಟೂ ಮುರಿಯುವುದು ಜಾಸ್ತಿ. ಕಾರ್ಬೈಡನ್ನು ಎಸೆಯಬೇಡಿ, ಸಣ್ಣ ಡ್ರಿಲ್ ಸ್ಟ್ಯಾಂಡ್ ಇದ್ದರೆ ಹಿತ್ತಾಳೆಗೆ ಅದಕ್ಕಿಂತ ಚೆನ್ನಾಗಿರುವುದು ಇಲ್ಲ.

ರೋಟರಿ ಟೂಲ್ ಕೈಯಲ್ಲಿ ಹಿಡಿದು ಮಾತ್ರ ಬೇಡ. ಎಷ್ಟೋ ಟೂಲ್‌ಗಳ ಕನಿಷ್ಠ ವೇಗವೇ ನಿಮಿಷಕ್ಕೆ 5,000 ಸುತ್ತು ಇರುತ್ತದೆ. ಸ್ಟೈರೀನ್ ಪ್ಲಾಸ್ಟಿಕ್ ಆದರೆ ಕರಗಿ ಬಿಟ್‌ಗೆ ಅಂಟಿಕೊಳ್ಳುತ್ತದೆ. ರೆಸಿನ್ ಕರಗದಿದ್ದರೂ ಚಕ್ಕೆ ಏಳುತ್ತದೆ.

ತಂತಿ-ತಗಡು:
ಅಳತೆಯ ವಿಷಯ ನಾನು ಹೇಳುತ್ತೇನೆ. 0.4 ತೂತಿಗೆ 0.4 ತಂತಿ ಹೋಗಲೇಬೇಕು ಅಂತೇನಿಲ್ಲ. ಬಣ್ಣ ಹೊಡೆದ ಮೇಲಂತೂ ಇಲ್ಲವೇ ಇಲ್ಲ. 0.05 ದೊಡ್ಡದು, ಅಂದರೆ 0.45 ಬಿಟ್ ತಗೊಳ್ಳಿ. ನಂಬರ್ ಲೆಕ್ಕದಲ್ಲಿ 77 ಅಂದರೆ 0.457. ನಂಬರ್ 78 ಅಂದರೆ 0.406, ಅದು ನಿಮಗೆ ಬಿಗಿ. ತಂತಿಯನ್ನೂ ಅಳೆಯಿರಿ. ನಮ್ಮಲ್ಲಿ ತಂತಿ ಎಸ್‌ಡಬ್ಲ್ಯೂಜಿ (ತಂತಿ ದಪ್ಪದ ಗೇಜ್ ನಂಬರ್) ಲೆಕ್ಕದಲ್ಲಿ ಬರುತ್ತದೆ: 28 ಗೇಜ್ 0.376, 27 ಗೇಜ್ 0.417. ಅಂಗಡಿಯವರು ಎರಡನ್ನೂ '0.4' ಅಂತ ಕೊಡಬಹುದು. ಸ್ಕೇಲ್ ಪ್ರಕಾರ 28 ವಾಸಿ. ಅಸಲಿ ಹ್ಯಾಂಡ್‌ರೇಲ್ 32 ಮಿ.ಮೀ. ಪೈಪ್ ಅಂತ ಇಟ್ಟುಕೊಂಡು 87ರಿಂದ ಭಾಗಿಸಿದರೆ 0.37 ಬರುತ್ತದಲ್ವಾ. 28ಕ್ಕೇ ಹೋದರೆ ನಿಮ್ಮ ನಂಬರ್ 78 ಸಾಕು.

61–80 ಸೆಟ್ ಸುಮ್ನೆ ದುಡ್ಡು ದಂಡ. ಅದರಲ್ಲಿ 1 ಮಿ.ಮೀ.ನಿಂದ 0.34ರವರೆಗೆ ಇಪ್ಪತ್ತು ಬಿಟ್, ನೀವು ಮುರಿಯುವುದು ಮಾತ್ರ ಯಾವಾಗಲೂ ಅದೇ ಎರಡು. ಆ ಎರಡನ್ನೇ ಹತ್ತತ್ತು ತಗೊಳ್ಳಿ.

ಚಕ್ಕೆಗೆ: ಹೊಲಿಗೆ ಸೂಜಿಯಿಂದ ಮೊದಲು ಚುಕ್ಕೆ ಒತ್ತಿ, ಹೊರಗಿನಿಂದ ಒಳಕ್ಕೆ ಕೊರೆಯಿರಿ. ಒಳಗೆ ಮರದ ತುಂಡು ಆಸರೆ ಕೊಡಿ. ಎರಡು-ಮೂರು ಸುತ್ತಿಗೊಮ್ಮೆ ಬಿಟ್ ಹೊರತೆಗೆದು ಪುಡಿ ಒರೆಸಿ. ರೆಸಿನ್ ಪುಡಿ ಒಳ್ಳೆಯದಲ್ಲ, ಮಾಸ್ಕ್ ಇರಲಿ.

ಘಾಟ್ ಲೋಕೋ:
ಮಧ್ಯೆ ಬಂದೆ, ಕ್ಷಮಿಸಿ. ನನ್ನದು ಹಿತ್ತಾಳೆ ಬಾಡಿ. ಎಚ್‌ಎಸ್‌ಎಸ್ ಬಿಟ್ ಒಳಗೇ ಮುರಿದು ಕೂತಿದೆ. ಹಿಂದಿನಿಂದ ತಳ್ಳಲೂ ಜಾಗ ಇಲ್ಲ.

ಹಳೇ ಫಿಟ್ಟರ್:
ಗ್ರಂಥಿಗೆ ಅಂಗಡಿಯಿಂದ ಪಟಿಕ ತನ್ನಿ. ಗಾಜಿನ ಪಾತ್ರೆಯಲ್ಲಿ, ಬಿಸಿನೀರಿಗೆ ಕರಗುವಷ್ಟೂ ಹಾಕಿ ಬಾಡಿ ಮುಳುಗಿಸಿ, ನೀರು ಬೆಚ್ಚಗಿರಲಿ. ಉಕ್ಕು ನಿಧಾನವಾಗಿ ಕರಗುತ್ತದೆ, ಹಿತ್ತಾಳೆಗೆ ಏನೂ ಆಗುವುದಿಲ್ಲ. ವಾಚ್ ರಿಪೇರಿಯವರು ಮುರಿದ ಸ್ಕ್ರೂ ತೆಗೆಯುವುದೂ ಹೀಗೇ. ಎಚ್‌ಎಸ್‌ಎಸ್ ಸಾದಾ ಉಕ್ಕಿಗಿಂತ ತಡ ಮಾಡುತ್ತದೆ, ನೀರು ಬದಲಿಸುತ್ತಾ ಕಾಯಬೇಕು. ಬಾಡಿಯಲ್ಲಿರುವ ಉಕ್ಕಿನ ಸ್ಕ್ರೂ, ಸ್ಪ್ರಿಂಗ್ ಎಲ್ಲಾ ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ಅವೂ ಹೋಗುತ್ತವೆ. ಮುರಿದದ್ದು ಕಾರ್ಬೈಡ್ ಆಗಿದ್ದರೆ ಈ ಉಪಾಯ ನಡೆಯುವುದಿಲ್ಲ, ಪಕ್ಕದಲ್ಲಿ ಹೊಸ ತೂತು ಹಾಕಿ.