ಸಹಾಯ ಬೇಕು: ಯಾರದೋ ಮನೆಯ ಹಳೇ ಆಲ್ಬಮ್ ನನ್ನ ಕೈಗೆ ಬಂದಿದೆ

ಎಲ್ಲರಿಗೂ ನಮಸ್ಕಾರ. ಹಳೇ ಸಾಮಾನಿನ ಜೊತೆ ಒಂದು ಫೋಟೋ ಆಲ್ಬಮ್ ಸಿಕ್ಕಿದೆ. ಯಾವ ಮನೆಯವರದೋ ಗೊತ್ತಿಲ್ಲ.

ಮೊದಲಿಗೆ ರಟ್ಟಿಗೆ ಅಂಟಿಸಿದ ಕಂದು ಬಣ್ಣದ ಪುಟ್ಟ ಚಿತ್ರಗಳಿವೆ, ಸುಮಾರು 6 × 10 ಸೆಂ.ಮೀ. ಕಾರ್ಟ್ ದ ವಿಸಿಟ್ (ವಿಸಿಟಿಂಗ್ ಕಾರ್ಡ್ ಗಾತ್ರದ ಹಳೇ ಫೋಟೋ) ಇರಬೇಕು. ಪ್ಯಾರಿಸ್‌ನ ಫೋಟೋಗ್ರಾಫರ್ ಡಿಸ್ಡೆರಿ 1854ರಲ್ಲಿ ಪೇಟೆಂಟ್ ಪಡೆದ ಬಗೆ ಅದು. ಆಮೇಲಿನವು ಕಪ್ಪು-ಬಿಳುಪು. ಕೆಲವದರ ಕಪ್ಪು ಭಾಗ ಓರೆಯಾಗಿ ಹಿಡಿದರೆ ಬೆಳ್ಳಿಯಂತೆ ಹೊಳೆಯುತ್ತದೆ.

ಯಾರೋ ಪುಣ್ಯಾತ್ಮರು ಎಲ್ಲವನ್ನೂ ಪ್ಲಾಸ್ಟಿಕ್ ಮುಚ್ಚಿಗೆಯ ಅಂಟು ಹಾಳೆಗಳಿಗೆ ಹಾಕಿಬಿಟ್ಟಿದ್ದಾರೆ. ಅಂಟು ಹಳದಿಯಾಗಿದೆ. ಹಲ್ಲು ಸಂದಿ ಸ್ವಚ್ಛ ಮಾಡುವ ದಾರವನ್ನು (ಡೆಂಟಲ್ ಫ್ಲಾಸ್) ಫೋಟೋ ಹಿಂದೆ ನಿಧಾನಕ್ಕೆ ಎಳೆದು ಬಿಡಿಸಬಹುದು ಅಂತಾರೆ. ಯಾರಾದರೂ ಮಾಡಿದ್ದೀರಾ? ರಟ್ಟಿಲ್ಲದ ತೆಳು ಫೋಟೋ ಹರಿಯುತ್ತಾ?

ಇನ್ನೊಂದು ವಿಷಯ. ಸಂಗ್ರಾಹಕರೊಬ್ಬರು ಸ್ಟುಡಿಯೋ ಮುದ್ರೆ ಇರುವ ಕೆಲವನ್ನು ಮಾತ್ರ ಕೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಒಂದು ಪುಟದಲ್ಲಿರುವ ಮಗುವೇ ಮುಂದಿನ ಪುಟಗಳಲ್ಲಿ ದೊಡ್ಡದಾಗುತ್ತಾ ಹೋಗುತ್ತೆ, ಬಿಡಿಬಿಡಿ ಮಾಡಿದರೆ ಅದೆಲ್ಲ ಹೋಯ್ತು ಅಲ್ವಾ?

ಫೋಟೋಗಳ ಹಿಂದೆ ಪೆನ್ಸಿಲ್‌ನಲ್ಲಿ ಕೆಲವು ಹೆಸರುಗಳಿವೆ, ಮನೆತನದ ಹೆಸರಿಲ್ಲ. ಆ ಕುಟುಂಬದವರನ್ನು ಹುಡುಕೋದು ಹೇಗೆ? ಮುಖಗಳನ್ನು ಇಲ್ಲಿ ಹಾಕೋದು ಸರಿಯಾ? ಅನುಭವ ಇದ್ದವರು ದಯವಿಟ್ಟು ಹೇಳಿ. ಅಲ್ಲಿಯವರೆಗೆ ಪುಟಪುಟವೇ ಸ್ಕ್ಯಾನ್ ಮಾಡಿಡುತ್ತೇನೆ.