ಗೋದಾಮುಗಳನ್ನೆಲ್ಲ ರಿಂಗ್ ರೋಡಿನಾಚೆ ಕಳಿಸಿದರೆ ಲಾರಿ ಓಡಾಟ ಕಡಿಮೆಯಾಗುತ್ತದೆಯೇ?

ಬಡಾವಣೆವಾಸಿ:
ನಗರದ ಕರಡು ಭೂಬಳಕೆ ಯೋಜನೆಗೆ ಆಕ್ಷೇಪಣೆ ಕರೆದಿದ್ದಾರೆ. ಗೋದಾಮುಗಳೆಲ್ಲ ರಿಂಗ್ ರೋಡಿನ ಹೊರಗೇ ಇರಬೇಕು, ಒಳಗಿರುವ ರೈಲ್ವೆಯ ಹಳೆಯ ಗೂಡ್ಸ್ ಯಾರ್ಡ್ ವಸತಿ ವಲಯವಾಗಬೇಕು ಎಂದಿದೆ. ನಮ್ಮ ಬೀದಿಯವರಿಗೆಲ್ಲ ಖುಷಿ. ನನಗೆ ಮಾತ್ರ ಅನುಮಾನ. ಸರಕು ಸಾಗಣೆಯಲ್ಲಿರುವವರು ಏನನ್ನುತ್ತೀರಿ?

ಲೋಡ್‌ಲೆಕ್ಕ:
ಲಾರಿಗಳನ್ನು ಯಾವ ದಾರಿಯಲ್ಲಿ ಕಳಿಸಬೇಕೆಂದು ಲೆಕ್ಕ ಹಾಕುವುದೇ ನನ್ನ ಕೆಲಸ. ನಿಮ್ಮ ಅನುಮಾನ ಸರಿಯಾಗಿದೆ.

20 ಟನ್ ಹೊತ್ತ ಒಂದು ದೊಡ್ಡ ಲಾರಿ ಎಂದುಕೊಳ್ಳಿ. ಅದರ ಸರಕು ಅಂಗಡಿಗಳಿಗೆ ಹೋಗುವುದು ಒಂದೂವರೆ ಟನ್‌ನ ಚಿಕ್ಕ ಗಾಡಿಗಳಲ್ಲಿ, ಅಂದರೆ 14 ಟ್ರಿಪ್. ಗೋದಾಮು 15 ಕಿ.ಮೀ. ಹೊರಗೆ ಹೋದರೆ ದೊಡ್ಡ ಲಾರಿಗೆ ಹೋಗಿಬರುವ 30 ಕಿ.ಮೀ. ಉಳಿಯುತ್ತದೆ. ಚಿಕ್ಕ ಗಾಡಿಗಳಿಗೆ ಒಟ್ಟು 420 ಕಿ.ಮೀ. ಹೆಚ್ಚುತ್ತದೆ, ಅದರಲ್ಲಿ ಅರ್ಧ ಖಾಲಿ ವಾಪಸಾತಿ. ದೊಡ್ಡ ಲಾರಿ ನಿಮ್ಮ ಬೀದಿಗೆ ಬರುವುದು ನಿಂತರೆ ಅಪಘಾತದ ಭಯ, ರಾತ್ರಿಯ ಸದ್ದು ತಗ್ಗುವುದು ನಿಜ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಟ್ಟು ಓಡಾಟ ಏರುತ್ತದೆ.

ಗೋದಾಮು ತಾನಾಗಿಯೇ ಹೊರಗೆ ಓಡುವುದಕ್ಕೂ ಕಾರಣವಿದೆ. 1956ರಲ್ಲಿ ‘ಐಡಿಯಲ್ ಎಕ್ಸ್’ ಹಡಗು 58 ಕಂಟೇನರ್ ಹೊತ್ತು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೋಯಿತು. ಕಂಟೇನರ್ ಸಾಗಣೆ ಬೆಳೆದದ್ದು ಅಲ್ಲಿಂದ. ಮುಂದೆ ಕಂಟೇನರ್ ಪೇರಿಸಲು, ಟ್ರೇಲರ್ ತಿರುಗಿಸಲು ವಿಶಾಲವಾದ ಬಯಲು ಬೇಕಾಯಿತು. ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನ ಇಕ್ಕಟ್ಟಾದ ಹಡಗುಕಟ್ಟೆಗಳು ಖಾಲಿಯಾಗಿ ಕೆಲಸ ನ್ಯೂಜೆರ್ಸಿ ಕಡೆಗೆ ಸರಿಯಿತು. ಲಾಸ್ ಏಂಜಲೀಸ್ ಬಂದರಿನ ಸರಕಿಗಾಗಿ ಒಳನಾಡಿನ ರಿವರ್‌ಸೈಡ್, ಸ್ಯಾನ್ ಬರ್ನಾರ್ಡಿನೊ ಕೌಂಟಿಗಳಲ್ಲಿ ಗೋದಾಮುಗಳ ಸಾಲೇ ಎದ್ದಿದೆ. ಅಗ್ಗದ ಸಮತಟ್ಟು ನೆಲ, ಪಕ್ಕದಲ್ಲೇ ಹೆದ್ದಾರಿ, ಜತೆಗೆ ರೈಲು. ಇವು ಒಂದೆಡೆ ಸಿಕ್ಕರೆ ಬೇರೆಲ್ಲೂ ನೋಡುವುದಿಲ್ಲ. ಜಾಗ ಹುಡುಕುವಾಗ ನಾನೂ ಮೊದಲು ಕೇಳುವುದು ಹೆದ್ದಾರಿಗೆ ಹತ್ತಿ ಇಳಿಯುವ ರ‍್ಯಾಂಪ್‌ಗೆ ಎಷ್ಟು ನಿಮಿಷ ಎಂದು. ಕಿ.ಮೀ. ಆಮೇಲೆ.

ಪ್ಯಾರಿಸ್ಸಿನಲ್ಲೂ 1970ರ ದಶಕದಿಂದ ಸುಮಾರು 35 ವರ್ಷಗಳಲ್ಲಿ ಪಾರ್ಸೆಲ್ ಕೇಂದ್ರಗಳು ಸರಾಸರಿ ಸುಮಾರು 10 ಕಿ.ಮೀ. ಹೊರಕ್ಕೆ ಸರಿದವು. ಈಗ ಅವರು ಒಳಗೆ ಮತ್ತೆ ಜಾಗ ಹುಡುಕುತ್ತಿದ್ದಾರೆ. 2018ರಲ್ಲಿ ಹಳಿಗಳ ಪಕ್ಕದ ನೆಲದಲ್ಲೇ ‘ಶಾಪೆಲ್ ಇಂಟರ್‌ನ್ಯಾಷನಲ್’ ಎಂಬ ಬಹುಬಳಕೆಯ ಸರಕು ಕಟ್ಟಡ ತೆರೆದರು.

ರಾತ್ರಿಪಾಳಿ:
ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ನಾನಿರುವ ಗೋದಾಮು ಹೆದ್ದಾರಿಗೆ ಅಂಟಿಕೊಂಡಿದೆ, ಬಸ್ ನಿಲ್ದಾಣಕ್ಕಲ್ಲ. ಪಾಳಿ ಮುಗಿಯುವ ಹೊತ್ತಿಗೆ ಬಸ್ಸೇ ಇರುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಫುಟ್‌ಪಾತ್ ಇಲ್ಲ, ಟ್ರೇಲರ್‌ಗಳ ನಡುವೆ ನಡೆದುಕೊಂಡೇ ಹೋಗಬೇಕು. ಹೊಸ ಹುಡುಗರು ಬೈಕ್ ಕೊಳ್ಳಲು ಸಾಲ ಮಾಡುತ್ತಾರೆ, ಇಲ್ಲವೇ ಕೆಲಸ ಬಿಡುತ್ತಾರೆ. ಸರಕಿಗೆ ದಾರಿ ಮಾಡುವಾಗ ಅದನ್ನು ಎತ್ತಿ ಇಳಿಸುವವರಿಗೂ ದಾರಿ ಮಾಡಿ ಎಂದು ಬರೆಯಿರಿ, ದಯವಿಟ್ಟು.

ಬಡಾವಣೆವಾಸಿ:
ಖಂಡಿತ ಬರೆಯುತ್ತೇನೆ ಅಣ್ಣ. ಲೋಡ್‌ಲೆಕ್ಕ ಅವರೇ, ಹಾಗಾದರೆ ‘ಹೊರಗೆ ಬೇಡ’ ಎಂದು ಬರೆಯಲೇ?

ಲೋಡ್‌ಲೆಕ್ಕ:
ಬೇಡ. ದೊಡ್ಡ ದಾಸ್ತಾನು ಹೊರಗಿರಲಿ, ಆದರೆ ಹೆದ್ದಾರಿ ರ‍್ಯಾಂಪ್‌ನಿಂದ ನೇರ ಪ್ರವೇಶವಿರುವಲ್ಲಿ ಮಾತ್ರ, ಹಳ್ಳಿಯ ಶಾಲೆ ಮುಂದಿನ ರಸ್ತೆಯಿಂದಲ್ಲ. ವಿಂಗಡಣೆಯ ಚಿಕ್ಕ ಕೇಂದ್ರಗಳಿಗೆ ಊರೊಳಗೆ ಅನುಮತಿ ಇರಲಿ. ವಿಸ್ತೀರ್ಣದ ಮಿತಿ ಹಾಕಲಿ, ಲೋಡಿಂಗ್ ಜಾಗ ಕಟ್ಟಡದೊಳಗೇ ಇರಬೇಕೆಂದು ಕಡ್ಡಾಯ ಮಾಡಲಿ. ಆ ಗೂಡ್ಸ್ ಯಾರ್ಡನ್ನು ಮಾತ್ರ ಬಿಟ್ಟುಕೊಡಬೇಡಿ. ಅಲ್ಲಿ ಅಪಾರ್ಟ್‌ಮೆಂಟ್ ಎದ್ದರೆ ಹಳಿಗೆ ಹೊಂದಿಕೊಂಡ ಅಂಥ ನೆಲವನ್ನು ಊರೊಳಗೆ ಮತ್ತೆ ಸಂಪಾದಿಸಲು ಆಗುವುದಿಲ್ಲ. ಯೋಜನೆಯ ನಕ್ಷೆಯಲ್ಲಿ ಅದಕ್ಕೆ ಯಾವ ಬಳಕೆಯ ಬಣ್ಣ ಹಚ್ಚಿದ್ದಾರೆ ನೋಡಿ, ಯಾರ್ಡ್ ಉಳಿಸಿ ಎಂಬುದನ್ನು ಆಕ್ಷೇಪಣೆಯ ಮೊದಲ ಸಾಲಿನಲ್ಲೇ ಬರೆಯಿರಿ.